ರೊಟ್ಟಿ ಹಬ್ಬದಲ್ಲಿ ನಾನು ಮ್ಯಾನೇಜ್ ಮಾಡಿದ್ದು

ಅಂಗಳ ಗುಡಿಸಿದ್ದು, ಅದೂ ಎಡಗೈಯಿಂದ. ಹಾಗಾಗಿ ಕಸ ಮೂಲೆಗೆ ಬರುವ ಬದಲು ಅಂಗಳದ ತುಂಬ ಪ್ರದಕ್ಷಿಣೆ ಹಾಕಿತು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯಲು ಹೋದದ್ದು, ಅದು ಹಾವಿನ ಹಾಗೆ ಹರಿದದ್ದು, ನಾಗರ ಪಂಚಮಿ ಹೇಗೂ ಬಂದೇ ಇದೆಯಲ್ಲ, ಇರಲಿ ಎಂದು ಬಿಟ್ಟದ್ದು. ಅತ್ತೆಗೆ ಚಹಾ ಸೋಸಿದ್ದು, ಅರ್ಧ ಕಪ್ಪಿಗೆ, ಅರ್ಧ ಕಟ್ಟೆಗೆ. ಮಡಕಿ ಕಾಳು ಮೊಳಕೆ ಒಡೆದಿದೆಯೇ ಎಂದು ಅರಿವೆಯ ಗಂಟು ಬಿಚ್ಚಿ ನೋಡಿದ್ದು, ಮತ್ತೆ ಕಟ್ಟಲಾಗದೆ ಹಲ್ಲಿನಿಂದ ಗಂಟು ಹಾಕಿದ್ದು. ಶೇಂಗಾ ಚಟ್ನಿಯ ಡಬ್ಬಿಯ ಮುಚ್ಚಳ ತೆಗೆಯಲು ಅದನ್ನು ಎರಡು ಮೊಣಕಾಲುಗಳ ನಡುವೆ ಹಿಡಿದು ತಿರುವಿದ್ದು. ರೊಟ್ಟಿ ಹಬ್ಬದ ದಿನ ಹೊತ್ತು ಏರುವ ಮೊದಲು ನಾನು ಮಾಡಿದ ಕೆಲಸಗಳು ಇಷ್ಟು. ಬಲಗೈ ಬೆರಳ ಬುಡದಿಂದ ಮೊಣಕೈವರೆಗೆ ಪ್ಲಾಸ್ಟರಿನಲ್ಲಿತ್ತು. ಯಾರು ಏನು ಕೇಳಿದರೂ ನನ್ನ ಉತ್ತರ ಒಂದೇ: “ಏನಿಲ್ರಿ, ಮ್ಯಾನೇಜ್ ಮಾಡಾಕತ್ತೇನಿ.”

ಇಂಗ್ಲಿಷಿನಿಂದ ನಮ್ಮ ಕಡೆ ಬಂದು ಮನೆ ಮಾಡಿಕೊಂಡ ಕ್ರಿಯಾಪದಗಳು ಬಹಳ ಇವೆ. ಶಿಗ್ಗಾಂವಿಯಿಂದ ಸವಣೂರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ “ಯಕ್ಕಾರ, ಸ್ವಲ್ಪ ಅಡ್ಜಸ್ಟ್ ಮಾಡ್ಕೊರ್ರಿ” ಎನ್ನುತ್ತಾನೆ. ಅದು ಜಾಗದ ಮಾತು, ಇಳಿದರೆ ಮುಗಿಯಿತು. ಮ್ಯಾನೇಜ್ ಹಾಗಲ್ಲ. ಅದಕ್ಕೆ ಇಳಿಯುವ ಸ್ಟಾಪೇ ಇಲ್ಲ. ನಾನು ಸವಣೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆ. ನಮ್ಮ ಹೆಡ್‌ಮಾಸ್ತರರು “ನೀಲಮ್ಮಾರ, ಇವತ್ತ ಪ್ಯೂನ್ ಬಂದಿಲ್ಲ, ಸ್ವಲ್ಪ ಮ್ಯಾನೇಜ್ ಮಾಡ್ರಿ” ಎಂದರೆ ಗಂಟೆ ನಾನೇ ಹೊಡೆಯಬೇಕು ಎಂದರ್ಥ. “ಪ್ರಿಂಟರ್ ಯಾಕೋ ಕೆಟ್ಟೈತಿ, ಮ್ಯಾನೇಜ್ ಮಾಡ್ರಿ” ಎಂದರೆ ಬಿಸಿಲಲ್ಲಿ ಝೆರಾಕ್ಸ್ ಅಂಗಡಿಗೆ ನಡೆಯಬೇಕು ಎಂದರ್ಥ. ಸಂಜೆ ಮನೆಗೆ ಬಂದರೆ, ಬಸ್‌ಸ್ಟ್ಯಾಂಡಿನ ಹತ್ತಿರ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಯಜಮಾನರ ಫೋನು: “ಪೇಂಟ್ ಕಂಪನಿಯವ್ರು ಬಂದಾರ, ಊಟಕ್ಕ ಕರ್ಕೊಂಡು ಬರ್ತೇನಿ. ವಿಶೇಷ ಏನೂ ಬ್ಯಾಡ, ಇದ್ದದ್ರಾಗ ಮ್ಯಾನೇಜ್ ಮಾಡು.” ಇದ್ದದ್ದು ಎಂದರೆ ಒಂದು ಬದನೆಕಾಯಿ ಮತ್ತು ಅರ್ಧ ತೆಂಗಿನಕಾಯಿ. ಮ್ಯಾನೇಜರ್ ಎಂದು ಬೋರ್ಡು ಹಾಕಿಕೊಂಡು ಕುಳಿತವರನ್ನು ಬೇಕಾದಷ್ಟು ನೋಡಿದ್ದೇನೆ. ಅವರಲ್ಲಿ ಒಬ್ಬರಾದರೂ ಮ್ಯಾನೇಜ್ ಮಾಡಿದ್ದನ್ನು ನೋಡಿಲ್ಲ, ಅವರು ಮಾಡಿಸುತ್ತಾರೆ.

ನಮ್ಮ ಶಾಲೆಯ ಇಂಗ್ಲಿಷ್ ಮಾಸ್ತರರನ್ನು ಒಮ್ಮೆ ಇದರ ಅರ್ಥ ಕೇಳಿದ್ದೆ. ಅವರು ಪಾಠ ಮಾಡುವ ಹುಮ್ಮಸ್ಸಿನಲ್ಲಿ, “ನಿಭಾಯಿಸು ಅಂತ ಒಂದರ್ಥರಿ. ಕಷ್ಟಪಟ್ಟು ಹೆಂಗೋ ಸಾಧಿಸು ಅಂತ ಇನ್ನೊಂದು. ಮೂಲದಾಗ ಕೈ ಅನ್ನೂದರಿಂದ ಹುಟ್ಟಿದ ಶಬ್ದರಿ ಅದು, ಮೊದಲ ಕುದುರಿ ಪಳಗಸಾಕ ಹೇಳ್ತಿದ್ರು” ಎಂದರು. ಅಂದರೆ ಕೈ ಗಟ್ಟಿಯಿದ್ದವರ ಕೆಲಸ. ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಆ ಮಾತು ನೆನಪಾಗಿ ನಗು ಬಂತು. ಹಾನಗಲ್ಲಿನ ಕಡೆಯ ನನ್ನ ಅವ್ವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನನ್ನು ಗಂಡನ ಮನೆಗೆ ಕಳಿಸುವಾಗ ಅವಳು ಹೇಳಿದ್ದು “ಎಲ್ಲಾರನೂ ಸಂಭಾಳಿಸಿಕೊಂಡು ಹೋಗವಾ” ಎಂದು. ಸಂಭಾಳಿಸುವುದಕ್ಕೆ ಎದುರಿಗೆ ಒಬ್ಬರಾದರೂ ಬೇಕು. ಅವರ ಕೈಯನ್ನೋ ಕೋಪವನ್ನೋ ಹಿಡಿದುಕೊಳ್ಳಬೇಕು. ಮ್ಯಾನೇಜ್ ಮಾಡಲು ಯಾರೂ ಬೇಡ. ಅದರ ರುಚಿಯೇ ಅದು.

ಕೈ ಮುರಿದದ್ದು ಶ್ರಾವಣದ ಸ್ವಚ್ಛತೆಯಲ್ಲಿ. ಹಿತ್ತಲಿನ ಹಾಸುಗಲ್ಲಿಗೆ ಪಾಚಿ ಕಟ್ಟಿತ್ತು. ಹಬ್ಬಕ್ಕೆ ಮುಂಚೆ ತಿಕ್ಕಿ ತೊಳೆದುಬಿಡೋಣ ಎಂದು ಹೋದೆ. ಕಲ್ಲು ಸ್ವಚ್ಛವಾಯಿತು, ನಾನೇ ಅದರ ಮೇಲೆ ಜಾರಿ ಒರೆಸಿದ್ದರಿಂದ. ಮಣಿಕಟ್ಟಿನ ಎಲುಬು ಸೀಳಿದೆ ಎಂದರು ಡಾಕ್ಟರು. ನನಗೆ ನೋವಿಗಿಂತ ಮೊದಲು ಬಂದ ಚಿಂತೆ ರೊಟ್ಟಿಯದು. ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವ ಹಿಂದಿನ ದಿನ ರೊಟ್ಟಿ ಹಬ್ಬ. ನಾಲ್ಕೆಂಟು ದಿನ ಮೊದಲೇ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ, ಬುಟ್ಟಿಯಲ್ಲಿ ಗೋಪುರ ಕಟ್ಟಿಡುತ್ತೇವೆ. ಆ ದಿನ ರೊಟ್ಟಿಯ ಮೇಲೆ ಕಾಳಿನ ಪಲ್ಯ, ಎಣ್ಣೆಗಾಯಿ, ಚಟ್ನಿ, ಮೊಸರು ಇಟ್ಟು ತಾಟಿನಲ್ಲಿ ಓಣಿಯ ಮನೆಮನೆಗೆ ಬೀರುತ್ತೇವೆ. ಅವರ ಮನೆಯಿಂದಲೂ ನಮಗೆ ಬರುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಮನೆಯಲ್ಲೂ ಎಲ್ಲರ ಮನೆಯ ರೊಟ್ಟಿ. ನಾನು ಈ ಓಣಿಗೆ ಸೊಸೆಯಾಗಿ ಬಂದಾಗಿನಿಂದ ನನ್ನ ತಾಟು ಹೋಗದ ವರ್ಷವಿಲ್ಲ. ನನ್ನ ರೊಟ್ಟಿ ಎಂದರೆ ಕಾಗದದಷ್ಟು ತೆಳುವು. ಹಿಡಿದರೆ ಆಚೆ ಕಡೆಯ ಬೆಳಕು ಕಾಣಬೇಕು, ಮುರಿದರೆ ಹಪ್ಪಳದ ಸದ್ದು ಬರಬೇಕು. “ನೀಲಮ್ಮನ ರೊಟ್ಟಿ” ಎಂದು ಓಣಿಯಲ್ಲಿ ಒಂದು ಮಾತಿದೆ. ಆ ಮಾತನ್ನು ಹುಟ್ಟಿಸಿದವರು ಬೇರೆಯವರೇ. ಸಾಯದಂತೆ ನೋಡಿಕೊಂಡವಳು ನಾನು.

ಗೋಡೆಯಾಚೆಯ ಮನೆ ಗಂಗಕ್ಕನದು. ನನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳು. ನನಗೆ ಪ್ಲಾಸ್ಟರ್ ಹಾಕಿದ ಸಂಜೆಯೇ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ನೀಲಾ, ರೊಟ್ಟಿ ಚಿಂತಿ ಬಿಡು ನೀ. ನನ್ನ ಹಿಟ್ಟಿನ ಜೋಡಿ ನಿನ್ನ ಹಿಟ್ಟೂ ನಾದತೇನಿ. ನಾ ಬಡಿತೇನಿ, ನೀ ಬಾಜೂಕ ಕುಂತು ಸುದ್ದಿ ಹೇಳು.”

“ಬ್ಯಾಡ ಬಿಡ ಯಕ್ಕಾ. ನಿನಗ್ಯಾಕ ತ್ರಾಸು? ನಾ ಹೆಂಗರ ಮ್ಯಾನೇಜ್ ಮಾಡ್ತೇನಿ.”

“ಕೈ ಮುರಕೊಂಡು ಹೆಂಗ ಮಾಡ್ತೀ?”

“ಮಾಡ್ತೇನಿ ಬೇ.”

ಗಂಗಕ್ಕ “ಹಂಗಾರ ಆತವಾ” ಎಂದು ಹೋದಳು. ಯಾವಾಗಲೂ ದಡಾರನೆ ಬಾಗಿಲು ಹಾಕುವವಳು ಅವತ್ತು ಸಾವಕಾಶ ಎಳೆದುಕೊಂಡಳು. ನಾನೋ, ಅವಳಿಗೆ ತೊಂದರೆ ತಪ್ಪಿಸಿದೆ ಎಂದು ನನ್ನನ್ನೇ ಮೆಚ್ಚಿಕೊಂಡೆ. ಒಳಗಿನ ಮಾತು ಬೇರೆಯಿತ್ತು. ಅವಳು ಬಡಿದ ರೊಟ್ಟಿ ನನ್ನ ತಾಟಿನಲ್ಲಿ ಹೋಗಿ, ಯಾರಾದರೂ “ಈ ವರ್ಷ ನೀಲಮ್ಮನ ರೊಟ್ಟಿ ಇನ್ನೂ ಚಲೋ ಆಗ್ಯಾವು” ಎಂದರೆ ನಾನು ಯಾರಿಗೆ ಮುಖ ತೋರಿಸಲಿ?

ಹಾಗಾದರೆ ಬಡಿಯುವವರು ಯಾರು? ಯಜಮಾನರು. “ಅದರಾಗೇನೈತಿ? ಗಾರಿ ಕಲಸಿದಂಗ ಕಲಸೂದು, ಪುಟ್ಟಿ ಹಚ್ಚಿದಂಗ ಹಚ್ಚೂದು. ನೀ ಹೇಳು, ನಾ ಮಾಡ್ತೇನಿ” ಎಂದರು. ಅಂಗಡಿ ಮುಚ್ಚಿ ಬಂದು, ತೋಳು ಮಡಚಿ, ಹಿಟ್ಟು ನಾದುವ ಪರಾತದ ಮುಂದೆ ಕುಳಿತರು. ಹಿಟ್ಟಿಗೆ ಬಿಸಿನೀರು ಹಾಕಿದಾಗ ತೆಳ್ಳಗಾಯಿತು. “ಮಾಲು ಸಡಲಾತು” ಎಂದು ಹಿಟ್ಟು ಸುರಿದರು. ಗಟ್ಟಿಯಾಯಿತು, ನೀರು ಸುರಿದರು. ಹೀಗೆ ಸರಿಮಾಡುತ್ತ ಹೋಗಿ, ಒಬ್ಬರು ಉಣ್ಣುವಷ್ಟು ಹಿಟ್ಟು ಮದುವೆ ಮನೆಗೆ ಸಾಲುವಷ್ಟಾಯಿತು. ಬಡಿದ ರೊಟ್ಟಿಗಳಲ್ಲಿ ಒಂದು ಎತ್ತಿನ ಮುಖದ ಹಾಗಿತ್ತು, ಒಂದು ಮಾಸೂರಿನ ಕೆರೆಯ ಅಂಚಿನ ಹಾಗೆ ಕೊರೆದುಕೊಂಡಿತ್ತು. ದಪ್ಪವಂತೂ ನನ್ನ ಪ್ಲಾಸ್ಟರಿಗೆ ಸಮ. ದುಂಡಗೆ ಬರುತ್ತಿಲ್ಲ ಎಂದು ಅವರಿಗೂ ಬೇಸರವಾಯಿತು. ಪಾತ್ರೆಯ ಮುಚ್ಚಳ ಒತ್ತಿ, ಅಂಚಿನ ಸುತ್ತ ಚಾಕು ಆಡಿಸಿ ಗುಂಡಗೆ ಕತ್ತರಿಸತೊಡಗಿದರು. ಅಂಚು ಎಷ್ಟು ನಯವಾಗಿತ್ತೆಂದರೆ ಟೈಲ್ಸಿನ ಅಂಗಡಿಯಲ್ಲಿ ಇಡಬಹುದಿತ್ತು.

ನಮ್ಮ ಅತ್ತೆ ಮಂಚದ ಮೇಲಿಂದ ಎಲ್ಲವನ್ನೂ ನೋಡುತ್ತಿದ್ದರು. ಎಂಬತ್ತು ದಾಟಿದ ಜೀವ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರವಿಲ್ಲ. “ಶೇಖಪ್ಪಾ, ಇವನ್ನ ನಾಗಪ್ಪಗ ತೋರಸಬ್ಯಾಡೋ. ಹುತ್ತ ಬಿಟ್ಟು ಹೋದಾನು” ಎಂದರು ಮಗನಿಗೆ. ನಾನು ಆ ರೊಟ್ಟಿಗಳನ್ನೆಲ್ಲ ದೊಡ್ಡ ಡಬ್ಬಿಗೆ ತುಂಬಿಸಿ, ಮುಚ್ಚಳ ಹಾಕಿಸಿ, ಅಟ್ಟಕ್ಕೆ ಏರಿಸಿದೆ. ಪೇಟೆಯಿಂದ ಕೊಂಡು ತರಲೇ ಎಂದರು ಯಜಮಾನರು. ಬೇಡ ಎಂದೆ. ಕೊಂಡ ರೊಟ್ಟಿಯನ್ನು ನಮ್ಮ ಓಣಿಯವರು ಕಣ್ಣು ಕಟ್ಟಿದರೂ ಗುರುತು ಹಿಡಿಯುತ್ತಾರೆ.

ಕೊನೆಗೆ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಅದನ್ನು ಉಪಾಯ ಎನ್ನಲು ಈಗ ನಾಚಿಕೆಯಾಗುತ್ತದೆ. ಹಬ್ಬದ ಬೆಳಿಗ್ಗೆ ಎಲ್ಲರ ಮನೆಯಿಂದ ನಮಗೆ ರೊಟ್ಟಿ ಬಂದೇ ಬರುತ್ತದೆ. ಮೊದಲ ಮನೆಯದನ್ನು ಕೊನೆಯ ಮನೆಗೆ, ಕೊನೆಯ ಮನೆಯದನ್ನು ನಡುವಿನ ಮನೆಗೆ, ಹೀಗೆ ದಾಟಿಸಿಬಿಟ್ಟರೆ ನಮ್ಮ ತಾಟೂ ಹೋದ ಹಾಗಾಯಿತು, ಯಾರಿಗೂ ಗೊತ್ತೂ ಆಗುವುದಿಲ್ಲ. ಪಲ್ಯ, ಚಟ್ನಿ ಹೇಗೂ ನಮ್ಮವೇ. ಯಜಮಾನರಿಗೆ ಹೇಳಿದೆ. ಅವರು ಮೆಚ್ಚುಗೆಯಿಂದ ತಲೆದೂಗಿ, “ಅಂಗಡ್ಯಾಗೂ ಹಂಗ ಮಾಡ್ತೇವಿ ತಗೋ. ಒಬ್ಬರ ಮಾಲು ಇನ್ನೊಬ್ಬರಿಗೆ” ಎಂದರು. ಆ ಮಾತು ಕೇಳಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಹಬ್ಬದ ದಿನ ತಾಟುಗಳು ಒಂದರ ಹಿಂದೆ ಒಂದು ಬಂದವು. ಗಂಗಕ್ಕನ ತಾಟು ಅವಳ ಗಂಡನ ಕೈಯಲ್ಲಿ ಬಂತು, ಅವಳು ಬರಲಿಲ್ಲ. ಮನಸ್ಸಿಗೆ ಚುಳ್ಳೆಂದಿತು, ಕೆಲಸವಿರಬೇಕು ಎಂದುಕೊಂಡೆ. ಹೆಂಗಸರು ಮನೆಗೆ ಬರುವ ದಿನ, ನೈಟಿಯ ಮೇಲೆ ಟವೆಲ್ ಹೊದ್ದು ಕೂರಲಾದೀತೇ? ಸೀರೆ ಉಡಲು ಒಳಗೆ ಹೋದೆ. ಒಂದು ಕೈಯಲ್ಲಿ ನಿರಿಗೆ ಹಿಡಿಯುವ ಕೆಲಸ ಯಾರಾದರೂ ಮಾಡಿದ್ದರೆ ನನ್ನ ಕಷ್ಟ ತಿಳಿಯುತ್ತದೆ. ಹಿಡಿದ ನಿರಿಗೆ ಸಿಕ್ಕಿಸುವಷ್ಟರಲ್ಲಿ ಸೆರಗು ಬೀಳುವುದು, ಸೆರಗು ಎತ್ತುವಷ್ಟರಲ್ಲಿ ನಿರಿಗೆ ಬೀಳುವುದು. ಕೊನೆಗೆ ಹೊರಗೆ ಬಂದರೆ ಯಜಮಾನರು ಖಾಲಿ ಕೈ ಜಾಡಿಸಿಕೊಳ್ಳುತ್ತ ನಿಂತಿದ್ದರು.

“ಎಲ್ಲಾ ಮನಿಗೆ ಕೊಟ್ಟು ಬಂದೆ. ಖಲಾಸ್.”

“ಯಾರ್ದು ಯಾರಿಗೆ ಕೊಟ್ರಿ?”

“ಯಾರ್ದು ಅಂದ್ರ? ಎಲ್ಲಾ ಒಂದ ಬುಟ್ಟ್ಯಾಗ ಹಾಕಿ, ಸೈಜ್ ಪ್ರಕಾರ ಹೊಂದಿಸಿದೆ. ದೊಡ್ಡು ಒಂದ್ಕಡೆ, ಸಣ್ಣು ಒಂದ್ಕಡೆ. ಚೆಂದ ಕಾಣಬೇಕಲ್ಲ?”

ನಾನು ಮಂಚದ ತುದಿಯಲ್ಲಿ ಕುಳಿತುಬಿಟ್ಟೆ. ಗಂಡಸರಿಗೆ ರೊಟ್ಟಿ ಎಂದರೆ ರೊಟ್ಟಿ. ಓಣಿಯ ಯಾವ ಹೆಂಗಸಿಗೂ ಹಾಗಲ್ಲ. ತನ್ನ ಕೈಯ ಬಡಿತ ಅವಳಿಗೆ ತನ್ನ ಮಗುವಿನ ಮುಖದ ಹಾಗೆ ಗೊತ್ತು. ಅದರಲ್ಲೂ ಗಂಗಕ್ಕ ಸಜ್ಜಿ ರೊಟ್ಟಿಗೆ ಬಿಳಿ ಎಳ್ಳನ್ನು ನಡುವೆ ಮಾತ್ರ, ಕುಂಕುಮ ಇಟ್ಟ ಹಾಗೆ ಒತ್ತುತ್ತಾಳೆ. ಯಾವ ಮನೆಯದು ಯಾವ ಮನೆಗೆ ಹೋಗಿರಬಹುದೆಂದು ಯೋಚಿಸುತ್ತಿದ್ದಂತೆಯೇ ಗಂಗಕ್ಕ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ನನ್ನ ಹೆಸರು ಕೊರೆಸಿದ ಸ್ಟೀಲಿನ ತಾಟು. ತಾಟಿನ ಮೇಲೆ ನಡುವೆ ಬಿಳಿ ಎಳ್ಳಿಟ್ಟ ಸಜ್ಜಿ ರೊಟ್ಟಿ.

“ನೀಲಾ, ಇವು ಯಾರ ರೊಟ್ಟಿ?”

“ಯಾರ್ದಂದ್ರ... ನಮ್ಮುವ ಯಕ್ಕಾ.”

“ಮುಂಜಾನಿ ನನ್ನ ಮನೀಂದ ಹೊಂಟಾಗ ನನ್ನುವು ಇದ್ದುವು. ಒಂದ ಗ್ವಾಡಿ ದಾಟೂದ್ರಾಗ ನಿನ್ನುವು ಆದ್ವು?”

ನಾನು ಎಲ್ಲ ರೊಟ್ಟಿಯೂ ನೋಡಲು ಒಂದೇ ಥರ ಇರುತ್ತವೆ ಎಂದೇನೋ ಶುರು ಮಾಡಿದೆ. ಅತ್ತೆ ನಡುವೆಯೇ, “ಗಂಗವ್ವಾ, ನಾ ಹೇಳ್ತೇನಿ ಕೇಳು. ಇವರಿಬ್ಬರೂ ಮುಂಜಾನಿಂದ ಮಂದಿ ರೊಟ್ಟಿ ಮಂದಿಗೆ ಹಂಚಾಕತ್ತಾರ. ನನಗ ಮಾತ್ರ ಒಂದೂ ಕೊಟ್ಟಿಲ್ಲ” ಎಂದುಬಿಟ್ಟರು. ಯಜಮಾನರು ಅಂಗಡಿಗೆ ಹೊತ್ತಾಯಿತೆಂದು ಚಪ್ಪಲಿ ಹುಡುಕತೊಡಗಿದರು. ಹಬ್ಬದ ದಿನ ಅಂಗಡಿ ಬಂದ್ ಎಂಬುದು ಅವರಿಗೂ ಗೊತ್ತಿತ್ತು, ಚಪ್ಪಲಿಗೂ ಗೊತ್ತಿತ್ತು.

ಗಂಗಕ್ಕ ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ತಾಟನ್ನು ಕೆಳಗಿಟ್ಟು, ಹೊಸ್ತಿಲ ಒಳಗೆ ಕುಳಿತಳು.

“ರೊಟ್ಟಿ ವಾಪಸ್ ಬಂದದ್ದಕ್ಕ ನನಗ ಸಿಟ್ಟಿಲ್ಲ ನೀಲಾ. ಒಂದ ಮಾತು ಕೇಳ್ತೇನಿ. ನಮ್ಮವ್ರು ಹುಬ್ಬಳ್ಳಿ ದವಾಖಾನ್ಯಾಗ ಬಿದ್ದಾಗ ನನ್ನ ಒಲಿ ಯಾರು ಹಚ್ಚಿದ್ರು?”

ಹಚ್ಚಿದವಳು ನಾನೇ. ಅವಳ ಮನೆಯ ಹಾಲು, ಎಮ್ಮೆಯ ಹೊಟ್ಟು, ದವಾಖಾನೆಗೆ ಹೋಗುವ ಬುತ್ತಿ, ಎಲ್ಲ ಆಗ ಗೋಡೆಯಾಚೆ ನನ್ನ ಕೈಯಲ್ಲಿತ್ತು.

“ಆವಾಗ ನಾ ನಿನಗ ‘ಬ್ಯಾಡ, ಮ್ಯಾನೇಜ್ ಮಾಡ್ತೇನಿ’ ಅಂದ್ನ್ಯಾ? ನನ್ನ ಮನಿ ಕೀಲಿ ನಿನ್ನ ಕೈಯಾಗ ಕೊಟ್ಟು ಬಸ್ ಹತ್ತಿದೆ. ಈಗ ನಿನ್ನ ಕೈ ಮುರದಾಗ ನಾ ಒಂದ ರೊಟ್ಟಿ ಬಡಿಬಾರದು? ನಾನೇನು ಹೊರಗಿನಾಕಿ?” ಗಂಗಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವತ್ತ ಮನಿಗೆ ಹೋಗಿ ನಿನ್ನ ಪಾಲಿನ ಹಿಟ್ಟ ಜರಡಿ ಹಿಡದು ಹಂಗ ಇಟ್ಟೇನಿ. ಇನ್ನೂ ಐತಿ.”

ಮಾಸ್ತರರು ಹೇಳದಿದ್ದ ಇನ್ನೊಂದು ಅರ್ಥ ನನಗೆ ಅಲ್ಲಿ ತಿಳಿಯಿತು. ಆ ಕ್ರಿಯಾಪದ ಒಂದು ಬಾಗಿಲು. ಬೇರೆಯವರು ನಮಗೆ ಹೇಳಿದರೆ ನಮ್ಮನ್ನು ಒಳಗೆ ದೂಡಿ ಕದ ಹಾಕುತ್ತಾರೆ. ನಾವೇ ಹೇಳಿದರೆ ಬೇರೆಯವರನ್ನು ಹೊರಗೆ ನಿಲ್ಲಿಸಿ ಕದ ಹಾಕಿಕೊಳ್ಳುತ್ತೇವೆ. ನನ್ನ ಎಡಗೈಯಲ್ಲಿ ಅವಳ ಕೈ ಹಿಡಿದು, “ಯಕ್ಕಾ, ನನ್ನ ನಿರಿಗಿ ನಿಲ್ಲವಲ್ಲದು. ಒಂದೀಟು ಸಿಗಸಿ ಕೊಡು” ಎಂದೆ. ಗಂಗಕ್ಕ ನನ್ನ ಕಡೆ ನೋಡಿದಳು. ಸೀರೆ ಒಂದು ಕಡೆ ಮೊಣಕಾಲಿಗೆ, ಒಂದು ಕಡೆ ನೆಲಕ್ಕೆ ಬಿದ್ದಿತ್ತು. “ಅಯ್ಯ ನನ್ನವ್ವ, ಇದನ್ನ ಉಟ್ಟು ಮ್ಯಾನೇಜ್ ಮಾಡಾಕ ನಿಂತಿದ್ಯಾ?” ಎಂದು ಎದ್ದು, ನನ್ನನ್ನು ಮಗುವಿನ ಹಾಗೆ ತಿರುಗಿಸಿ, ನಿರಿಗೆ ಎಣಿಸಿ ಸಿಕ್ಕಿಸಿದಳು. ಆಗ ನಕ್ಕಳು.

ಅದರ ನಂತರ ಮನೆ ನನ್ನ ಕೈಯಲ್ಲಿ ಉಳಿಯಲಿಲ್ಲ. ಅತ್ತೆಯಿಂದ ಅಟ್ಟದ ಸುದ್ದಿ ತಿಳಿದು, ಗಂಗಕ್ಕ ಡಬ್ಬಿ ಇಳಿಸಿದಳು. ಟೈಲ್ಸಿನಂಥ ರೊಟ್ಟಿಯೊಂದನ್ನು ಎರಡು ಕೈಯಲ್ಲಿ ಎತ್ತಿ, ನೆಲಕ್ಕೆ ಕುಟ್ಟಿ ನೋಡಿ, “ಅಣ್ಣಾರ, ಇದರ ಗ್ಯಾರಂಟಿ ಎಷ್ಟ ವರ್ಷರಿ?” ಎಂದು ಯಜಮಾನರನ್ನು ಕೇಳಿದಳು. ಅವರು ಮೆತ್ತಗೆ, “ನೀರ ತಾಗದಿದ್ರ ಬಾಳಿಕಿ ಬರ್ತಾವು” ಎಂದರು. ಗಂಗಕ್ಕ ಎತ್ತಿಟ್ಟ ಹಿಟ್ಟು ಬಂತು, ಒಲೆ ಹತ್ತಿತು. ಅವಳು ಬಡಿದಳು, ಯಜಮಾನರು ಹಂಚಿನ ಮೇಲೆ ತಿರುವಿದರು, ನಾನು ಬಾಜೂಕೆ ಕುಳಿತು ಸುದ್ದಿ ಹೇಳಿದೆ. ಬಿಸಿ ರೊಟ್ಟಿಯ ಜೊತೆಗೆ ಯಜಮಾನರು ಬಡಿದ ರೊಟ್ಟಿಯೂ ತಾಟಿಗೊಂದರಂತೆ ಮತ್ತೆ ಮನೆಮನೆಗೆ ಹೋಯಿತು. ಗಂಗಕ್ಕನೇ ಹೊತ್ತು ನಡೆದಳು. ಪ್ರತಿ ಬಾಗಿಲಲ್ಲೂ ನಡೆದದ್ದೆಲ್ಲ ಹೇಳಿದಳು. ಬೇಡ ಎನ್ನಲು ನನಗೆ ಬಾಯಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಓಣಿಯ ಅರ್ಧ ಹೆಂಗಸರು. “ಅಣ್ಣಾರ ರೊಟ್ಟಿ ಇನ್ನೊಂದ ಇದ್ರ ಕೊಡ್ರಿ, ನಮ್ಮ ಮನ್ಯಾಗಿನವ್ರಿಗೆ ತೋರಸಬೇಕು” ಎಂದು ಕೊನೆಯ ಮನೆಯ ಸೊಸೆ ಒಂದನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನನ್ನ ಕಾಗದದಂಥ ರೊಟ್ಟಿ ಈ ವರ್ಷ ಇಲ್ಲವಲ್ಲ ಎಂದು ಒಬ್ಬರಾದರೂ ಹಲುಬಲಿ ಎಂದು ಕಾದೆ. ಕೈ ಹೇಗಿದೆ, ಔಷಧ ತಗೊಂಡ್ರಾ ಎಂದು ಎಲ್ಲರೂ ಕೇಳಿದರು. ನನ್ನ ರೊಟ್ಟಿಯ ಸುದ್ದಿ ಯಾರೂ ತೆಗೆಯಲಿಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅತ್ತೆ, ಯಜಮಾನರು ಬಡಿದ ದಪ್ಪ ರೊಟ್ಟಿಯ ಮೇಲಿನ ಗಟ್ಟಿ ಪದರ ಸುಲಿದು, ಒಳಗಿನ ಮೆತ್ತನೆಯ ತಿರುಳನ್ನು ಪಲ್ಯದಲ್ಲಿ ಅದ್ದಿ ಬಾಯಿಗಿಟ್ಟರು. ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಆಡಿಸಿದರು. “ಯವ್ವಾ, ನನಗ ತಿನ್ನಾಕ ಬಂದ ರೊಟ್ಟಿ ಇದ ಒಂದ ನೋಡ” ಎಂದರು.

ನಾನು ಕೈಯಲ್ಲಿದ್ದ ತುತ್ತನ್ನು ತಾಟಿಗಿಟ್ಟೆ. “ಹಂಗಾರ ಇಷ್ಟ ವರ್ಷ ನನ್ನ ರೊಟ್ಟಿ ಹೆಂಗ ತಿಂದ್ರಿ ಅತ್ತಿ?”

“ಮುರದು ಸಾರಿನ್ಯಾಗ ಹಾಕ್ತಿದ್ದೆ. ಅವು ನೆನಿಯೂದ್ರಾಗ ನಿಮ್ಮೆಲ್ಲಾರ ಊಟ ಮುಗದು ತಾಟ ತೊಳದಿರ್ತಿತ್ತು.”

“ಒಂದ ಮಾತು ಹೇಳಬಾರದಿತ್ತೇನ್ರಿ?”

“ಮಂದಿ ನಿನ್ನ ರೊಟ್ಟಿ ಹೊಗಳಿದ್ರ ನಿನ್ನ ಮಾರಿ ಅರಳ್ತಿತ್ತು. ಅದರಾಗ ನನ್ನ ಹಲ್ಲಿನ ಸುದ್ದಿ ಯಾಕ ತಗೀಲಿ? ನಾನೂ ಮ್ಯಾನೇಜ್ ಮಾಡ್ತಿದ್ದೆವಾ.”

ಅವತ್ತು ಉಂಡದ್ದು ಗಂಗಕ್ಕ ಬಡಿದ ರೊಟ್ಟಿ, ಮಡಕಿ ಕಾಳಿನ ಪಲ್ಯ, ಅವಳ ಮನೆಯ ಎಣ್ಣೆಗಾಯಿ, ಮೊಸರು, ಒಂದು ಶೇಂಗಾ ಉಂಡಿ. ಉಂಡಿಯನ್ನು ಅತ್ತೆಗೆ ನಾನೇ ಎಡಗೈಯಲ್ಲಿ ಪುಡಿ ಮಾಡಿ ಕೊಟ್ಟೆ. ನಮ್ಮ ಮನೆಯಲ್ಲಿ ದಿನಾಲೂ ಮೊದಲು ಮಲಗುವವರು ಅತ್ತೆ, ಆಮೇಲೆ ಯಜಮಾನರು. ಹಾಲಿಗೆ ಹೆಪ್ಪು ಹಾಕಿ, ಗ್ಯಾಸ್ ಬಂದ್ ಮಾಡಿ, ಚಿಲಕ ಎರಡು ಸಲ ಎಳೆದು ನೋಡಿ, ಕಡೆಗೆ ನಾನು. ಆ ದಿನ ಮೊದಲು ನಿದ್ದೆ ಹೋದವಳು ನಾನು. ಹೆಪ್ಪು ಯಾರು ಹಾಕಿದರೋ, ಚಿಲಕ ಯಾರು ಎಳೆದರೋ ಹೇಳಲಾರೆ. ಬೆಳಿಗ್ಗೆ ಎದ್ದವಳೇ ಹೋಗಿ ಮೊಸರಿನ ರುಚಿ ನೋಡಿದೆ. ಹುಳಿಯಾಗಿದೆ ಎನ್ನಲು ಬಹಳ ಪ್ರಯತ್ನಪಟ್ಟೆ, ಆಗಿರಲಿಲ್ಲ.